ಎರಡು ಪುಟ್ಟೇನಹಳ್ಳಿಗಳೂ ಒಂದು ಕೀಲಿಕೈಯೂ

ಬೆಂಗಳೂರಿನಲ್ಲಿ ಪುಟ್ಟೇನಹಳ್ಳಿ ಎಂಬ ಹೆಸರಿನ ಊರುಗಳು ಎರಡಿವೆ. ಒಂದು ದಕ್ಷಿಣಕ್ಕೆ, ಜಯಪ್ರಕಾಶ ನಗರದ ಮಗ್ಗುಲಲ್ಲಿ. ಇನ್ನೊಂದು ಉತ್ತರಕ್ಕೆ, ಯಲಹಂಕದ ನೆರೆಯಲ್ಲಿ. ನಾನು ಹುಟ್ಟಿ ಬೆಳೆದದ್ದು ಈ ಎರಡನೆಯದರಲ್ಲಿ. ಎರಡಕ್ಕೂ ನಡುವೆ ಇಪ್ಪತ್ತೈದು ಕಿಲೋಮೀಟರಿಗೂ ಮೇಲ್ಪಟ್ಟು ದಾರಿಯಿದೆ. ವಿಚಿತ್ರವೆಂದರೆ ಎರಡು ಕಡೆಯೂ ಪುಟ್ಟೇನಹಳ್ಳಿ ಕೆರೆ ಎಂಬ ಕೆರೆಯೂ ಉಂಟು, ಎರಡು ಕೆರೆಗಳಿಗೂ ಹಕ್ಕಿಗಳು ಬರುತ್ತವೆ. ನಮ್ಮ ಸೋದರಮಾವನವರು ಒಮ್ಮೆ ತುಮಕೂರಿನಿಂದ ಹಲಸಿನ ಹಣ್ಣು ಹೊತ್ತುಕೊಂಡು ಬಂದವರು, ಹೆಸರನ್ನೇ ನೆಚ್ಚಿ ಆ ಪುಟ್ಟೇನಹಳ್ಳಿಗೆ ಹೋಗಿ ಇಳಿದರು. ಇಳಿದೊಡನೆ ಕೆರೆ ಕಂಡಿತು. ಸರಿಯಾದ ಊರಿಗೇ ಬಂದೆನೆಂದು ನಂಬಿ ಒಂದು ಗಂಟೆಯ ಕಾಲ ಬಿಸಿಲಿನಲ್ಲಿ ನಮ್ಮ ಮನೆಯನ್ನು ಹುಡುಕಿದರು. ಅಂಚೆಯ ಇಲಾಖೆ ಮಾತ್ರ ಹೀಗೆ ಮೋಸಹೋಗುವುದಿಲ್ಲ. ಅದು ಊರಿನ ಹೆಸರಿಗಿಂತ ಮೊದಲು ಪಿನ್ ಕೋಡನ್ನು ನೋಡುತ್ತದೆ. ನಮ್ಮದು ೫೬೦೦೬೪, ಅವರದು ೫೬೦೦೭೮. ಕೆರೆ ಎಷ್ಟೇ ನಮ್ಮ ಕೆರೆಯಂತೆ ಕಾಣಲಿ, ಅಂಕಿ ಹೊಂದದಿದ್ದರೆ ನಮ್ಮ ಕಾಗದ ಅಲ್ಲಿಗೆ ಹೋಗದು.

ಈ ಸಂಗತಿಯನ್ನು ಮೊದಲೇ ಹೇಳಲು ಕಾರಣವಿದೆ. ನಾನು ಬರೆಯಹೊರಟಿರುವುದು ಸೆಕ್ಯೂರಿಟಿ ಕೀ ಎಂಬ ಒಂದು ಸಣ್ಣ ಸಾಧನದ ವಿಷಯ. ಅದು ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ್ದು. ಕಂಪ್ಯೂಟರಿನ ಅಥವಾ ಫೋನಿನ ರಂಧ್ರಕ್ಕೆ ಸಿಕ್ಕಿಸಿ ಮುಟ್ಟುವಂಥದು. ನಮ್ಮ ಮಾವನವರಿಗೆ ತಿಳಿಯದೆ ಹೋದದ್ದನ್ನು ಅದು ತಿಳಿದಿರುತ್ತದೆ: ಹೆಸರು ಒಂದೇ, ರೂಪ ಒಂದೇ, ಆದರೆ ಊರು ಬೇರೆ ಎಂಬುದನ್ನು. ಕಲಾ ವಿದ್ಯಾರ್ಥಿಗೆ ಈ ವಿಷಯ ಏತಕ್ಕೆ ಎಂದು ವಾಚಕರು ಕೇಳಬಹುದು. ನನಗೂ ಇದರ ಗೋಜು ಇರಲಿಲ್ಲ. ಪೆಟ್ಟು ಬಿದ್ದ ಮೇಲೆ ಕಲಿತೆ.

ಕಳೆದ ವರ್ಷ ಐದನೆಯ ಸೆಮಿಸ್ಟರಿನ ಪರೀಕ್ಷೆಗೆ ಹನ್ನೊಂದು ದಿನ ಉಳಿದಿದ್ದಾಗ ನನ್ನ ಫೋನಿಗೊಂದು ಸಂದೇಶ ಬಂದಿತು. ವಿದ್ಯಾರ್ಥಿವೇತನದ ನನ್ನ ಅರ್ಜಿಯಲ್ಲಿ ದೋಷವಿದೆಯೆಂದೂ ಆ ರಾತ್ರಿಯೊಳಗೆ ತಿದ್ದದಿದ್ದರೆ ಅರ್ಜಿ ತಿರಸ್ಕೃತವಾಗುವುದೆಂದೂ ಅದರಲ್ಲಿ ಬರೆದಿತ್ತು. ಕೆಳಗೆ ಕೊಟ್ಟಿದ್ದ ಕೊಂಡಿಯನ್ನು ಒತ್ತಿದೆ. ನನ್ನ ಮಿಂಚಂಚೆಯ ಪರಿಚಿತ ಪುಟವೇ ತೆರೆಯಿತು. ಅದೇ ಬಣ್ಣ, ಅದೇ ಗುರುತು. ಪಾಸ್‌ವರ್ಡ್ ಬರೆದೆ. ಫೋನಿಗೆ ಆರಂಕಿಯ ಓ.ಟಿ.ಪಿ. ಬಂದಿತು, ಅದನ್ನೂ ಬರೆದೆ. ‘ಧನ್ಯವಾದಗಳು’ ಎಂದು ಪುಟ ಹೇಳಿತು. ಬೆಳಗಾಗುವುದರೊಳಗೆ ಖಾತೆ ನನ್ನದಾಗಿ ಉಳಿದಿರಲಿಲ್ಲ. ಕಳ್ಳನು ಪಾಸ್‌ವರ್ಡನ್ನು ಬದಲಿಸಿ, ಅಲ್ಲಿಂದ ಫೇಸ್‌ಬುಕ್ಕಿಗೆ ಹೋಗಿ, ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂದು ಒತ್ತಿ, ಆ ಪತ್ರ ನನ್ನ ಅಂಚೆಗೇ ಬರುವುದರಿಂದ ಅದನ್ನೂ ವಶಪಡಿಸಿಕೊಂಡಿದ್ದ. ಮಿಂಚಂಚೆ ಎಂಬುದು ಉಳಿದೆಲ್ಲ ಬೀಗದ ಕೈಗಳನ್ನು ನೇತುಹಾಕಿದ ಗೂಟವೆಂದು ನನಗೆ ಅರ್ಥವಾದದ್ದು ಆಗ.

ಎರಡು ದಿನ ಕಳೆದ ಮೇಲೆ ದೊಡ್ಡಬಳ್ಳಾಪುರದಿಂದ ನಮ್ಮ ದೊಡ್ಡಮ್ಮ ಫೋನ್ ಮಾಡಿದರು. “ಈಗ ಹೆಂಗಿದೀಯಾ ಮಗಾ? ಹೊಲಿಗೆ ಬಿಚ್ಚಿದ್ರಾ?” ಎಂದರು.

“ಯಾವ ಹೊಲಿಗೆ ದೊಡ್ಡಮ್ಮ?”

ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ನಾನು ಅಪಘಾತಕ್ಕೆ ಸಿಕ್ಕಿ ಆಸ್ಪತ್ರೆಯಲ್ಲಿರುವುದಾಗಿಯೂ, ಅಪ್ಪನಿಗೆ ತಿಳಿಸಬಾರದೆಂದೂ, ಎಂಟು ಸಾವಿರ ರೂಪಾಯಿ ಬೇಕೆಂದೂ ನನ್ನ ಹೆಸರಿನಿಂದ, ನನ್ನ ಭಾವಚಿತ್ರದ ಕೆಳಗೆ ಅವರಿಗೆ ಸಂದೇಶ ಹೋಗಿತ್ತು. ದೊಡ್ಡಪ್ಪ ತೀರಿಕೊಂಡ ಮೇಲೆ ಬರುವ ಕುಟುಂಬ ಪಿಂಚಣಿಯೊಂದೇ ಅವರ ಜೀವನಾಧಾರ. ಅದರಿಂದ ಎಂಟು ಸಾವಿರವನ್ನು ಕಳುಹಿಸಿಬಿಟ್ಟಿದ್ದರು. ಆ ಕ್ಷಣವೇ ೧೯೩೦ಕ್ಕೆ ಕರೆ ಮಾಡಿ, ಸೈಬರ್ ಅಪರಾಧಗಳ ರಾಷ್ಟ್ರೀಯ ಜಾಲತಾಣದಲ್ಲಿ ದೂರು ಬರೆದೆವು. ಹಣ ಹೋದ ಗಂಟೆ ಎರಡು ಗಂಟೆಯೊಳಗೆ ತಿಳಿಸಿದರೆ ಅದನ್ನು ದಾರಿಯಲ್ಲೇ ತಡೆಹಿಡಿಯುವ ಸಂಭವವುಂಟು. ನಾವು ತಿಳಿಸಿದ್ದು ಎರಡು ದಿನದ ಮೇಲೆ. ಹಣ ಬರಲಿಲ್ಲ. ಖಾತೆ ಹನ್ನೆರಡನೆಯ ದಿನ ಹಿಂತಿರುಗಿತು.

ಓ.ಟಿ.ಪಿ. ಇದ್ದೂ ಹೀಗಾದದ್ದು ಹೇಗೆಂಬ ಪ್ರಶ್ನೆ ನನ್ನನ್ನು ಬಹಳ ಕಾಡಿತು. ನಮ್ಮ ದೇಶದಲ್ಲಿ ೨೦೦೯ರ ಆಗಸ್ಟಿನಿಂದ ಜಾಲದ ಮೂಲಕ ಕಾರ್ಡಿನಿಂದ ಹಣ ಕೊಡುವಾಗ ಎರಡನೆಯ ಪರೀಕ್ಷೆಯೊಂದು ಇರಲೇಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿತು. ಅಂದಿನಿಂದ ಓ.ಟಿ.ಪಿ. ನಮ್ಮ ಜನಕ್ಕೆ ಉಪ್ಪು ಮೆಣಸಿನಷ್ಟು ಪರಿಚಿತ. ಅದರಿಂದ ಉಪಕಾರವಾಗಿಲ್ಲವೆಂದು ನಾನು ಹೇಳಲಾರೆ. ಪಾಸ್‌ವರ್ಡ್ ಒಂದನ್ನೇ ಕದ್ದವನಿಗೆ ಅದು ಅಡ್ಡಗೋಡೆ. ಆದರೆ ಅದರ ದೌರ್ಬಲ್ಯ ಅದರ ಸ್ವಭಾವದಲ್ಲಿಯೇ ಇದೆ. ಓದಿ ಹೇಳಬಹುದಾದದ್ದನ್ನು ಯಾರಿಗೆ ಬೇಕಾದರೂ ಓದಿ ಹೇಳಬಹುದು. ನಾನು ಸುಳ್ಳು ಪುಟದಲ್ಲಿ ಬರೆದ ಪಾಸ್‌ವರ್ಡನ್ನು ಕಳ್ಳನ ಯಂತ್ರವು ಅದೇ ಕ್ಷಣದಲ್ಲಿ ನಿಜವಾದ ಪುಟದಲ್ಲಿ ಬರೆಯಿತು. ನಿಜವಾದ ಪುಟ ನನಗೆ ಓ.ಟಿ.ಪಿ. ಕಳುಹಿಸಿತು. ಅದನ್ನೂ ನಾನು ಸುಳ್ಳು ಪುಟಕ್ಕೇ ಕೊಟ್ಟೆ, ಅದು ನಿಜವಾದ ಪುಟಕ್ಕೆ ಮುಟ್ಟಿಸಿತು. ಬಾಗಿಲಿನ ಇಬ್ಬದಿಯಲ್ಲೂ ಕಿವಿಯಿಟ್ಟು ನಿಂತ ಮಧ್ಯವರ್ತಿಯಂತೆ ಅವನು ನಡುವೆ ಇದ್ದ. ಓ.ಟಿ.ಪಿ.ಯನ್ನು ಯಾರಿಗೂ ಹೇಳಬೇಡಿ ಎಂದು ಎಲ್ಲರೂ ಎಚ್ಚರಿಸುತ್ತಾರೆ. ನಾನು ಯಾರಿಗೂ ಹೇಳಲಿಲ್ಲ, ಬರೆದೆ ಅಷ್ಟೆ.

ಸುಂದರಕಾಂಡದಲ್ಲಿ ಸೀತೆ ಹನುಮಂತನನ್ನು ಕಂಡೊಡನೆ ನಂಬುವುದಿಲ್ಲ. ಸಂನ್ಯಾಸಿಯ ವೇಷಕ್ಕೆ ಒಮ್ಮೆ ಮೋಸಹೋದವಳು, ಇದೂ ರಾವಣನ ವೇಷವೇ ಇರಬಹುದೆಂದು ಸಂದೇಹಪಡುತ್ತಾಳೆ. ರಾಮನ ಮುದ್ರೆಯುಂಗುರವನ್ನು ಕಂಡಮೇಲೆ ಆಕೆಯ ಸಂದೇಹ ಪೂರ್ಣವಾಗಿ ತೊಲಗುತ್ತದೆ. ವಸ್ತುವೊಂದನ್ನು ಗುರುತಿಗೆ ಕೊಡುವ ಪದ್ಧತಿ ಅಷ್ಟು ಹಳೆಯದು. ಆದರೆ ಉಂಗುರಕ್ಕೂ ಒಂದು ಕೊರತೆಯಿದೆ: ಅದನ್ನು ಕದ್ದವನು ತೋರಿಸಿದರೂ ಅದು ಉಂಗುರವೇ. ಈಗಿನ ಸೆಕ್ಯೂರಿಟಿ ಕೀ ತನ್ನ ಒಳಗಿನ ಗುಟ್ಟನ್ನು ಯಾರಿಗೂ ತೋರಿಸುವುದೇ ಇಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಹೇಳುತ್ತದೆ, ಅಷ್ಟೆ. ಪ್ರಶ್ನೆ ಪ್ರತಿ ಸಲವೂ ಹೊಸದು, ಆದ್ದರಿಂದ ನಿನ್ನೆಯ ಉತ್ತರ ಇಂದು ಕೆಲಸಕ್ಕೆ ಬಾರದು.

ಇದರ ಒಳಗುಟ್ಟು ೧೯೭೬ರಲ್ಲಿ ಡಿಫಿ ಮತ್ತು ಹೆಲ್ಮನ್ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು ಪ್ರಕಟಿಸಿದ ಒಂದು ವಿಚಾರದಲ್ಲಿದೆ. ಅದುವರೆಗೆ ಗುಟ್ಟಿನ ಮಾತನಾಡಬೇಕಾದ ಇಬ್ಬರೂ ಒಂದೇ ಕೀಲಿಯನ್ನು ಇಟ್ಟುಕೊಂಡಿರಬೇಕಾಗಿತ್ತು. ಅವರು ಕೀಲಿಗಳನ್ನು ಜೋಡಿಯಾಗಿ ಮಾಡಬಹುದೆಂದು ತೋರಿಸಿದರು: ಒಂದನ್ನು ಊರಿಗೆಲ್ಲ ಹಂಚಬಹುದು, ಇನ್ನೊಂದನ್ನು ತನ್ನಲ್ಲಿಯೇ ಇಟ್ಟುಕೊಳ್ಳಬಹುದು, ಗುಪ್ತವಾದುದರಿಂದ ಹಾಕಿದ ಸಹಿಯನ್ನು ಬಹಿರಂಗವಾದುದರಿಂದ ಪರೀಕ್ಷಿಸಬಹುದು, ಆದರೆ ಬಹಿರಂಗವಾದುದರಿಂದ ಸಹಿ ಹಾಕಲಾಗದು. ನಾವು ಒಂದು ಜಾಲತಾಣದಲ್ಲಿ ಸೆಕ್ಯೂರಿಟಿ ಕೀಯನ್ನು ನೋಂದಾಯಿಸಿದಾಗ, ಅದು ಆ ತಾಣಕ್ಕೆಂದೇ ಹೊಸದೊಂದು ಜೋಡಿಯನ್ನು ಸೃಷ್ಟಿಸುತ್ತದೆ. ಗುಪ್ತ ಕೀಲಿ ಸಾಧನವನ್ನು ಬಿಟ್ಟು ಹೊರಗೆ ಬರುವುದಿಲ್ಲ. ಬಹಿರಂಗ ಕೀಲಿ ತಾಣಕ್ಕೆ ಹೋಗುತ್ತದೆ. ಮುಂದೆ ನಾವು ಪ್ರವೇಶಿಸುವಾಗ ತಾಣವು ಒಂದು ಅಡ್ಡಾದಿಡ್ಡಿ ಸಂಖ್ಯೆಯನ್ನು ಕಳುಹಿಸಿ ‘ಇದಕ್ಕೆ ಸಹಿ ಹಾಕು’ ಎನ್ನುತ್ತದೆ. ಇಲ್ಲಿಯೇ ಪಿನ್ ಕೋಡಿನ ಮಾತು ಬರುವುದು. ನಾವು ಯಾವ ವಿಳಾಸದ ಪುಟದಲ್ಲಿದ್ದೇವೆಂಬುದನ್ನು ಬ್ರೌಸರೇ ಆ ಪ್ರಶ್ನೆಯೊಡನೆ ಸೇರಿಸಿ ಸಾಧನಕ್ಕೆ ಕೊಡುತ್ತದೆ. ಸುಳ್ಳು ಪುಟದ ವಿಳಾಸದಲ್ಲಿ ಇಂಗ್ಲಿಷಿನ ಎಲ್ ಅಕ್ಷರದ ಸ್ಥಾನದಲ್ಲಿ ಒಂದು ಎಂಬ ಅಂಕಿ ಇದ್ದರೂ ಸಾಕು, ಆ ವಿಳಾಸಕ್ಕೆ ಸೇರಿದ ಕೀಲಿ ಸಾಧನದಲ್ಲಿ ಇರುವುದಿಲ್ಲ. ಅದು ಸಹಿ ಹಾಕದು. ಮನುಷ್ಯನ ಕಣ್ಣು ನಿದ್ದೆಗಣ್ಣಾಗಬಹುದು, ಗಾಬರಿಗೊಳ್ಳಬಹುದು, ಅದಕ್ಕೆ ಗಾಬರಿಯೆಂಬುದಿಲ್ಲ. ನಾನು ಮೋಸಹೋದರೂ ಅದು ಮೋಸಹೋಗದು ಎಂಬುದೇ ಇದರ ಮುಖ್ಯ ಗುಣ, ಉಳಿದವೆಲ್ಲ ಅನಂತರದವು.

ಇಂಥ ಸಾಧನವನ್ನು ಪ್ರಸಿದ್ಧಿಗೆ ತಂದ ಯೂಬಿಕೋ ಎಂಬ ಸಂಸ್ಥೆ ೨೦೦೭ರಲ್ಲಿ ಸ್ವೀಡನ್ ದೇಶದಲ್ಲಿ ಹುಟ್ಟಿತು. ಬೇರೆ ಬೇರೆ ತಯಾರಕರ ಸಾಧನಗಳು ಎಲ್ಲ ತಾಣಗಳಲ್ಲೂ ನಡೆಯಬೇಕೆಂದು ನಿಯಮಗಳನ್ನು ರೂಪಿಸಿದ ಫೈಡೋ ಒಕ್ಕೂಟ ೨೦೧೩ರಲ್ಲಿ ಬಹಿರಂಗವಾಗಿ ಕಾರ್ಯಾರಂಭ ಮಾಡಿತು. ೨೦೧೯ರ ಮಾರ್ಚಿಯಲ್ಲಿ ಜಾಲದ ಮಾನಕಗಳ ಮಂಡಲಿಯೂ ಇದನ್ನು ಅಂಗೀಕರಿಸಿತು. ಇದರ ಫಲವೇನೆಂಬುದಕ್ಕೆ ಎರಡು ನಿದರ್ಶನಗಳು ಸಾಕು. ಗೂಗಲ್ ಸಂಸ್ಥೆ ತನ್ನ ಎಂಬತ್ತೈದು ಸಾವಿರಕ್ಕೂ ಹೆಚ್ಚಿನ ನೌಕರರಿಗೆ ೨೦೧೭ರಲ್ಲಿ ಇದನ್ನು ಕಡ್ಡಾಯ ಮಾಡಿತು. ಆ ಮೇಲೆ ಸುಳ್ಳು ಪುಟದ ಮೋಸದಿಂದ ಒಬ್ಬ ನೌಕರನ ಖಾತೆಯೂ ಹೋದದ್ದು ಕಂಡುಬಂದಿಲ್ಲವೆಂದು ೨೦೧೮ರಲ್ಲಿ ತಿಳಿಸಿತು. ಎರಡನೆಯದು ನನ್ನ ಕಥೆಗೆ ಇನ್ನೂ ಹತ್ತಿರದ್ದು. ೨೦೨೨ರ ಜುಲೈ ೨೦ರಂದು ಕ್ಲೌಡ್‌ಫ್ಲೇರ್ ಸಂಸ್ಥೆಯ ಕಡಮೆಯೆಂದರೆ ೭೬ ಮಂದಿ ನೌಕರರಿಗೆ ಒಂದು ನಿಮಿಷದೊಳಗೆ ಸುಳ್ಳು ಸಂದೇಶ ಬಂದಿತು. ಮೂವರು ನಂಬಿ ಪಾಸ್‌ವರ್ಡ್ ಬರೆದರು. ಆ ಪುಟ, ನನ್ನದರಂತೆಯೇ, ಮುಂದೆ ಓ.ಟಿ.ಪಿ.ಯನ್ನು ಕೇಳಿತು. ಆದರೆ ಅಲ್ಲಿ ಓ.ಟಿ.ಪಿ. ಇರಲಿಲ್ಲ, ಎಲ್ಲರ ಬಳಿಯೂ ಸೆಕ್ಯೂರಿಟಿ ಕೀ ಇತ್ತು. ಕಳ್ಳರು ಪಾಸ್‌ವರ್ಡನ್ನು ಕೈಯಲ್ಲಿ ಹಿಡಿದುಕೊಂಡು ಹೊಸ್ತಿಲಿನಲ್ಲಿಯೇ ನಿಲ್ಲಬೇಕಾಯಿತು. ಜಾಲದ ರಕ್ಷಣೆಯೇ ಕಸಬಾಗಿರುವ ಸಂಸ್ಥೆಯವರಲ್ಲೂ ಮೂವರು ನಂಬಿದರೆಂಬುದನ್ನು ಓದಿದಾಗ, ನಿಜ ಹೇಳುತ್ತೇನೆ, ನನಗೆ ತುಸು ಸಮಾಧಾನವಾಯಿತು.

ಇಷ್ಟನ್ನು ಮನೆಯಲ್ಲಿ ವಿವರಿಸಿದಾಗ ನಮ್ಮ ತಂದೆಯವರು “ಇದೇನು ಹೊಸದು? ನನ್ನ ಡಾಂಗಲ್ ಇದೆಯಲ್ಲ!” ಎಂದರು. ಅವರು ಸಣ್ಣ ಸಿವಿಲ್ ಗುತ್ತಿಗೆದಾರರು. ಸರ್ಕಾರದ ಟೆಂಡರ್ ಹಾಕಲು ಡಿಜಿಟಲ್ ಸಹಿಯ ಡಾಂಗಲ್ ಬೇಕು. ಖಜಾನೆ-೨ ವ್ಯವಸ್ಥೆಯಲ್ಲಿ ಕಛೇರಿಗಳ ಡಿ.ಡಿ.ಓ.ಗಳು ಬಿಲ್ಲಿಗೆ ಸಹಿ ಹಾಕುವುದೂ ಇಂಥದರಿಂದಲೇ. ನಮ್ಮ ಅಧ್ಯಾಪಕರ ಸಂಬಳವೂ ಅಂಥದೊಂದು ಡಾಂಗಲಿನ ಕೃಪೆಯೆಂದರೆ ತಪ್ಪಾಗದು. ತಂದೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಎರಡರೊಳಗೂ ಇರುವುದು ಆ ಜೋಡಿ ಕೀಲಿಯ ತತ್ತ್ವವೇ. ಆದರೆ ಡಾಂಗಲಿನಲ್ಲಿ ಮಾಲಿಕನ ಹೆಸರಿರುತ್ತದೆ. ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯಂತೆ ಪರವಾನಗಿ ಪಡೆದ ಸಂಸ್ಥೆಯೊಂದು ಗುರುತನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟಿರುತ್ತದೆ, ಅದಕ್ಕೆ ಅವಧಿಯುಂಟು, ಅದರ ಸಹಿಗೆ ಕಾನೂನಿನ ಬೆಲೆಯುಂಟು. ಸೆಕ್ಯೂರಿಟಿ ಕೀಯಲ್ಲಿ ಇಂಥ ಪ್ರಮಾಣಪತ್ರ ಬೇಕಿಲ್ಲ. ಅದು ದಾಖಲೆಗೆ ಸಹಿ ಮಾಡುವುದಿಲ್ಲ, ಬಾಗಿಲು ತೆರೆಯುತ್ತದೆ. ಇನ್ನೊಂದು ವ್ಯತ್ಯಾಸವನ್ನು ತಂದೆಯವರಿಗೆ ಹೇಳಲು ನನಗೆ ಸಂಕೋಚವಾಯಿತು. ಅವರ ಡಾಂಗಲ್ ಅವರ ಬಳಿ ಇರಲೇ ಇಲ್ಲ! ಟೆಂಡರ್ ತುಂಬಿಸಿಕೊಡುವ ಅಂಗಡಿಯ ಹುಡುಗನ ಮೇಜಿನ ಖಾನೆಯಲ್ಲಿ, ಇತರ ಏಳೆಂಟು ಗುತ್ತಿಗೆದಾರರ ಡಾಂಗಲುಗಳೊಡನೆ, ಪಾಸ್‌ವರ್ಡ್ ಬರೆದ ಚೀಟಿಯನ್ನು ಮೈಗೆ ಅಂಟಿಸಿಕೊಂಡು ಮಲಗಿತ್ತು. ಹುಡುಗ ಒಳ್ಳೆಯವನು. ಆದರೆ ಖಾಲಿ ಚೆಕ್ಕುಗಳಿಗೆ ಸಹಿ ಮಾಡಿ ಪುಸ್ತಕವನ್ನೇ ಅವನ ಬಳಿ ಬಿಟ್ಟಂತಾಗಲಿಲ್ಲವೆ ಎಂದು ಅಮ್ಮ ಕೇಳಿದ ಮೇಲೆ ತಂದೆಯವರು ಮರುದಿನವೇ ಹೋಗಿ ಅದನ್ನು ತಂದರು.

ಇನ್ನು ಆಯ್ಕೆಯ ವಿಷಯ. ಅಂಗಡಿಯ ಪಟ್ಟಿಯನ್ನು ನೋಡಿದರೆ ತಲೆ ತಿರುಗುತ್ತದೆ, ಆದರೆ ವಿಚಾರಿಸಬೇಕಾದವು ಕೆಲವೇ. ಫೈಡೋ-೨ ಎಂಬ ಮಾನಕಕ್ಕೆ ಪ್ರಮಾಣಿತವಾಗಿದೆಯೇ ಎಂಬುದು ಮೊದಲನೆಯದು. ಅದು ಇಲ್ಲದಿದ್ದರೆ ಉಳಿದ ಬಣ್ಣನೆ ವ್ಯರ್ಥ. ಆಮೇಲೆ ರಂಧ್ರ. ನಮ್ಮ ಕಾಲೇಜಿನ ಗಣಕ ಕೊಠಡಿಯ ಯಂತ್ರಗಳಿಗೆ ಇರುವುದು ಅಗಲವಾದ ಹಳೆಯ ಯು.ಎಸ್.ಬಿ. ರಂಧ್ರ, ಈಚಿನ ಫೋನುಗಳಿಗೆ ಇರುವುದು ಸಣ್ಣ, ಅಂಡಾಕಾರದ ಸಿ ರಂಧ್ರ. ಒಂದಕ್ಕೆ ಹೊಂದುವುದು ಇನ್ನೊಂದಕ್ಕೆ ಹೊಂದದು. ಫೋನಿನ ಬೆನ್ನಿಗೆ ತಾಗಿಸಿದರೆ ಸಾಕೆನ್ನುವ ಎನ್.ಎಫ್.ಸಿ. ಸೌಕರ್ಯವೂ ಇದ್ದರೆ ಈ ತೊಂದರೆ ಬಹುಮಟ್ಟಿಗೆ ನೀಗುತ್ತದೆ. ಆದರೆ ನಮ್ಮ ಫೋನಿನಲ್ಲಿ ಅದು ಇದೆಯೇ ಎಂದು ಕೊಳ್ಳುವ ಮೊದಲೇ ನೋಡಬೇಕು, ಕಡಮೆ ಬೆಲೆಯ ಅನೇಕ ಫೋನುಗಳಲ್ಲಿ ಇರುವುದಿಲ್ಲ. ಬ್ಲೂಟೂತಿನದು ನನಗೆ ಬೇಡವೆನಿಸಿತು. ಅದಕ್ಕೆ ಬ್ಯಾಟರಿಯ ಉಪದ್ರವವಿದೆ. ಮೇಲಾಗಿ ೨೦೧೯ರಲ್ಲಿ ಗೂಗಲಿನವರೇ ತಮ್ಮ ಬ್ಲೂಟೂತ್ ಕೀಗಳಲ್ಲಿ ದೋಷ ಕಂಡು ಬದಲಿ ಕೊಡಬೇಕಾಯಿತು. ಬೆರಳಚ್ಚು ಓದುವವೂ ಇವೆ, ಬೆಲೆ ಹೆಚ್ಚು.

ಹಳೆಯದನ್ನು ಅರ್ಧ ಬೆಲೆಗೆ ಕೊಡುತ್ತೇವೆನ್ನುವವರಿಂದ ಕೊಳ್ಳಬಾರದು. ಮನೆಯ ಬೀಗವನ್ನು ಅಪರಿಚಿತನಿಂದ ಕೊಂಡರೆ ಮತ್ತೊಂದು ಕೈ ಅವನಲ್ಲಿಲ್ಲವೆಂದು ಹೇಗೆ ಹೇಳುವುದು? ತಯಾರಕರು ಒಪ್ಪಿದ ಮಾರಾಟಗಾರರಿಂದ, ಒಡೆಯದ ಲಕೋಟೆಯಲ್ಲಿಯೇ ಪಡೆಯಬೇಕು. ದಾಸ್ತಾನಿನಲ್ಲಿ ಬಹುಕಾಲ ಉಳಿದದ್ದೂ ಬೇಡ. ೨೦೨೪ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಸಂಶೋಧಕರು ಯೂಬಿಕೀಯ ಹಳೆಯ ಆವೃತ್ತಿಗಳಲ್ಲಿ ಗುಪ್ತ ಕೀಲಿಯನ್ನು ಹೊರತೆಗೆಯುವ ಒಂದು ಮಾರ್ಗವನ್ನು ತೋರಿಸಿದರು. ಅದಕ್ಕೆ ಸಾಧನವೇ ಕೈಗೆ ಸಿಕ್ಕಿ, ಬೆಲೆಬಾಳುವ ಉಪಕರಣಗಳೂ ಬೇಕಾದುದರಿಂದ ನನ್ನಂಥವರು ಹೆದರಬೇಕಾದ್ದಿಲ್ಲ. ಆದರೂ ಇವುಗಳ ಒಳಗಿನ ತಂತ್ರಾಂಶವನ್ನು ಆಮೇಲೆ ಬದಲಿಸಲಾಗದ ಕಾರಣ, ಕೊಳ್ಳುವಾಗಲೇ ೫.೭ ಅಥವಾ ಅದಕ್ಕಿಂತ ಈಚಿನ ಆವೃತ್ತಿಯನ್ನು ಕೇಳುವುದು ಜಾಣತನ.

ಎಲ್ಲಕ್ಕಿಂತ ಮುಖ್ಯವಾದುದು, ಒಂದನ್ನಲ್ಲ, ಎರಡನ್ನು ಕೊಳ್ಳಬೇಕು. ಕಾಳಿದಾಸನ ಶಕುಂತಲೆಯ ಬಳಿ ಇದ್ದುದು ಒಂದೇ ಉಂಗುರ. ಅದು ನೀರಿನಲ್ಲಿ ಜಾರಿತು, ಮೀನಿನ ಹೊಟ್ಟೆ ಸೇರಿತು, ದುಷ್ಯಂತನ ಬಾಗಿಲು ಮುಚ್ಚಿತು. ಪ್ರತಿಯೊಬ್ಬರಿಗೂ ಬೆಸ್ತನೊಬ್ಬ ಬಂದು ಒದಗುವನೆಂದು ನಂಬುವುದು ಕಷ್ಟ. ಆಪಲ್ ಸಂಸ್ಥೆ ೨೦೨೩ರಲ್ಲಿ ತನ್ನ ಖಾತೆಗಳಿಗೆ ಈ ಸೌಲಭ್ಯ ಕೊಟ್ಟಾಗ ಎರಡು ಕೀಗಳಿಲ್ಲದೆ ನೋಂದಾಯಿಸಲೇ ಬಿಡದಂತೆ ನಿಯಮ ಮಾಡಿತು. ನನ್ನ ಎರಡಕ್ಕೂ ಸೇರಿ ಆರು ಸಾವಿರಕ್ಕೆ ಸ್ವಲ್ಪ ಹೆಚ್ಚು ಹಿಡಿಯಿತು. ಯಲಹಂಕದಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ಮನೆಪಾಠ ಹೇಳಿ ಕೂಡಿಸಿದ ಹಣ ಅದು, ಸಣ್ಣ ಮೊತ್ತವಲ್ಲ.

ಉಪಯೋಗಿಸುವುದು ಸುಲಭ, ಆದರೆ ಅಣಿಮಾಡುವುದರಲ್ಲಿ ಜನ ಎಡವುತ್ತಾರೆ, ನಾನೂ ಎಡವಿದೆ. ಮಿಂಚಂಚೆಯ ಭದ್ರತಾ ಪುಟಕ್ಕೆ ಹೋಗಿ ಎರಡನ್ನೂ ಒಂದೇ ಕುಳಿತದಲ್ಲಿ ನೋಂದಾಯಿಸಿ, ಕೆಲಸ ಮುಗಿಯಿತೆಂದು ಮಲಗಿದೆ. ಒಂದು ವಾರದ ಮೇಲೆ ಪರೀಕ್ಷೆಗೆಂದು ಹೊರಬಂದು ಮತ್ತೆ ಪ್ರವೇಶಿಸಲು ಹೋದಾಗ, ಕೀ ಕೇಳಿದ ಪುಟದಲ್ಲಿಯೇ ‘ಬೇರೆ ವಿಧಾನದಿಂದ ಪ್ರಯತ್ನಿಸಿ’ ಎಂಬ ಸಾಲು ಕಂಡಿತು. ಒತ್ತಿದರೆ ಓ.ಟಿ.ಪಿ. ಕಳುಹಿಸಲೇ ಎಂದಿತು! ಮುಂಬಾಗಿಲಿಗೆ ಉಕ್ಕಿನ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ದಾರದಿಂದ ಕಟ್ಟಿದ್ದೆ. ಕಳ್ಳನು ಯಾವ ಬಾಗಿಲಿಗೆ ಬರುವನೆಂದು ಹೇಳಬೇಕಾಗಿಲ್ಲ. ಓ.ಟಿ.ಪಿ.ಯ ದಾರಿಯನ್ನು ತೆಗೆದುಹಾಕಿದ ದಿನವೇ ಕೆಲಸ ಪೂರ್ತಿಯಾದದ್ದು. ಅದಕ್ಕೆ ಮೊದಲು ತಾಣವು ಕೊಡುವ ಮೀಸಲು ಸಂಕೇತಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಅವನ್ನು ಫೋನಿನಲ್ಲಿ ಚಿತ್ರ ತೆಗೆದಿಟ್ಟರೆ ಫಲವಿಲ್ಲ. ಸಾಧನಕ್ಕೆ ಒಂದು ಪಿನ್ನನ್ನೂ ಇಡಬೇಕು. ಎಂಟು ಸಲ ಒಟ್ಟಿಗೆ ತಪ್ಪಿದರೆ ಅದು ಬಾಗಿಲು ಮುಚ್ಚಿಕೊಳ್ಳುತ್ತದೆ. ಆಮೇಲೆ ಒಳಗಿನ ಎಲ್ಲವನ್ನೂ ಅಳಿಸಿ ಮೊದಲಿನಿಂದ ಆರಂಭಿಸಬೇಕು.

ದಿನವೂ ಸಿಕ್ಕಿಸಬೇಕೆಂದು ಹೆದರುವವರಿದ್ದಾರೆ. ಹಾಗೇನಿಲ್ಲ. ನಮ್ಮದೇ ಫೋನಿನಲ್ಲಿ ಒಮ್ಮೆ ಪ್ರವೇಶಿಸಿದರೆ ಸಾಮಾನ್ಯವಾಗಿ ಬಹುಕಾಲ ಕೇಳುವುದಿಲ್ಲ. ಹೊಸ ಯಂತ್ರದಲ್ಲಿ ಕುಳಿತಾಗ ಕೇಳುತ್ತದೆ. ಮುಟ್ಟದೆ ಅದು ಸಹಿ ಹಾಕದಿರುವುದರಿಂದ ದೂರದ ಕಳ್ಳನಿಗೆ ಅದರ ಸಹವಾಸವಿಲ್ಲ.

ಇದರ ಮಿತಿಗಳನ್ನು ಮರೆಸಿ ಹೊಗಳಿದರೆ ಅನ್ಯಾಯವಾದೀತು. ನಮ್ಮ ಜನ ದಿನ ಬೆಳಗಾದರೆ ಉಪಯೋಗಿಸುವ ಯು.ಪಿ.ಐ.ಗೂ ಇದಕ್ಕೂ ಸಂಬಂಧವಿಲ್ಲ; ಅಲ್ಲಿ ನಡೆಯುವುದು ಫೋನು ಮತ್ತು ಪಿನ್ನು. ದೊಡ್ಡಮ್ಮ ತಮ್ಮ ಕೈಯಿಂದಲೇ ಪಿನ್ ಒತ್ತಿ ಹಣ ಕಳುಹಿಸಿದರು. ಅವರ ಕೈಯಲ್ಲಿ ಹತ್ತು ಕೀಗಳಿದ್ದರೂ ಅದು ತಪ್ಪುತ್ತಿರಲಿಲ್ಲ. ತಪ್ಪಬೇಕಾದುದು ನನ್ನ ಕಡೆಯಿಂದ, ನನ್ನ ಖಾತೆಯಿಂದ. ಬ್ಯಾಂಕುಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕು ೨೦೨೫ರ ಸೆಪ್ಟೆಂಬರಿನಲ್ಲಿ ಹೊಸ ನಿರ್ದೇಶನಗಳನ್ನು ಹೊರಡಿಸಿ, ಓ.ಟಿ.ಪಿ. ಒಂದನ್ನೇ ನೆಚ್ಚದೆ ಬೇರೆ ವಿಧಾನಗಳಿಗೂ ೨೦೨೬ರ ಏಪ್ರಿಲ್ ೧ರಿಂದ ದಾರಿ ಮಾಡಿದೆ. ಇನ್ನು, ಕಂಪ್ಯೂಟರಿನ ಒಳಗೇ ಕೇಡಿನ ತಂತ್ರಾಂಶ ಹೊಕ್ಕು, ಈಗಾಗಲೇ ತೆರೆದಿರುವ ಬಾಗಿಲಿನ ಗುರುತನ್ನೇ ಕದ್ದರೆ ಸೆಕ್ಯೂರಿಟಿ ಕೀ ನಿರುಪಾಯ. ಸೈಬರ್ ಅಂಗಡಿಯ ಯಂತ್ರದಲ್ಲಿ ಅಂಕಪಟ್ಟಿ ಮುದ್ರಿಸಿಕೊಂಡು ಖಾತೆಯಿಂದ ಹೊರಬಾರದೆ ಎದ್ದುಹೋಗುವ ನಮ್ಮ ಅಭ್ಯಾಸಕ್ಕೂ ಅದು ಮದ್ದಲ್ಲ.

ಹಾಗಾದರೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಆರು ಸಾವಿರ ಸುರಿಯಬೇಕೇ? ಬೇಕಿಲ್ಲವೆಂದೇ ನನ್ನ ಅಭಿಪ್ರಾಯ. ಇದೇ ತತ್ತ್ವದ ಪಾಸ್‌ಕೀ ಎಂಬುದನ್ನು ಈಗಿನ ಫೋನುಗಳೇ ಬೆರಳಚ್ಚಿನ ಹಿಂದೆ ಇಟ್ಟುಕೊಳ್ಳುತ್ತವೆ, ಖರ್ಚಿಲ್ಲ, ವಿಳಾಸದ ಪರೀಕ್ಷೆ ಅಲ್ಲಿಯೂ ಉಂಟು. ನನ್ನ ಗೆಳೆಯರಿಗೆ ನಾನು ಅದನ್ನೇ ಮಾಡಿಕೊಟ್ಟಿದ್ದೇನೆ. ಆದರೆ ಫೋನು ಕಳೆದರೆ, ಕೆಟ್ಟರೆ, ಮಾರಿದರೆ ಏನೆಂಬುದನ್ನು ಯೋಚಿಸಬೇಕಾದವರು, ಊರಿನ ಲೆಕ್ಕ ಹಣಕಾಸು ತಮ್ಮ ಅಂಚೆಯಲ್ಲಿಟ್ಟುಕೊಂಡವರು, ಪತ್ರಕರ್ತರು, ವಕೀಲರು, ನಮ್ಮ ತಂದೆಯವರಂಥ ಗುತ್ತಿಗೆದಾರರು ಕೊಳ್ಳುವುದು ಮೇಲು. ನಾನು ಏಕೆ ಕೊಂಡೆನೆಂದರೆ, ಒಮ್ಮೆ ಸುಟ್ಟ ಕೈ.

ದೊಡ್ಡಮ್ಮನ ಎಂಟು ಸಾವಿರದಲ್ಲಿ ಐದನ್ನು ಇದುವರೆಗೆ ತೀರಿಸಿದ್ದೇನೆ. ಪ್ರತಿ ಸಲವೂ ಬೇಡವೆನ್ನುತ್ತಾರೆ, ನಾನು ಪಾಸ್‌ಬುಕ್ಕಿನ ಕೆಳಗೆ ಇಟ್ಟು ಬರುತ್ತೇನೆ. ಎರಡನೆಯ ಕೀ ಇರುವುದೂ ಅಲ್ಲಿಯೇ. ಬೆಂಕಿಯೋ ಕಳ್ಳತನವೋ ಆದರೆ ಎರಡೂ ಒಂದೇ ಮನೆಯಲ್ಲಿರಬಾರದೆಂದು ದೊಡ್ಡಬಳ್ಳಾಪುರದ ಅವರ ಬೀರುವಿನಲ್ಲಿ ಇರಿಸಿದ್ದೇನೆ. ಕೊಟ್ಟ ದಿನ ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಇದನ್ನೇ ಕಳ್ಳ ಹೊತ್ಕೊಂಡು ಹೋದ್ರೆ?” ಎಂದು ಕೇಳಿದರು. ಪಿನ್ ಇಲ್ಲದೆ, ಪಾಸ್‌ವರ್ಡ್ ಇಲ್ಲದೆ ಅವನಿಗೆ ಅದು ಬರಿಯ ಪ್ಲಾಸ್ಟಿಕ್ ಚೂರು ಎಂದೆ. ಅದರ ಮೇಲೆ ಯಾರ ಹೆಸರೂ ಇಲ್ಲದ್ದರಿಂದ ಯಾರದೆಂದೂ ತಿಳಿಯದು ಎಂದೆ. ಅವರು ಒಪ್ಪಿದಂತೆ ತಲೆದೂಗಿ, ಆದರೂ ಒಡವೆಯ ಡಬ್ಬಿಯಿಂದ ಒಂದು ಹಳದಿ ಬಟ್ಟೆಯ ಚೂರನ್ನು ತೆಗೆದು ಅದರಲ್ಲಿ ಕಟ್ಟಿ, ಬೀರುವಿನ ಒಳಖಾನೆಗೆ ಹಾಕಿ ಬೀಗ ತಿರುಗಿಸಿದರು. ಆ ಬೀಗದ ಕೈ ಅವರ ಸೆರಗಿನ ತುದಿಯಲ್ಲಿದೆ.